ಗುಡ್ಡದ ನೀರು ಎಲ್ಲಿ ಹೊರಬೀಳುತ್ತದೆ: ಶಿರಸಿ ಸುತ್ತಿನ ಒರತೆ, ಕಾನು, ಘಟ್ಟದಂಚು

ಶಿರಸಿ ಪೇಟೆಯ ಆಸುಪಾಸಿನಲ್ಲಿ ಬಿದ್ದ ಮಳೆಗೆ ಮೂರು ದಾರಿಗಳಿವೆ. ಊರೊಳಗಿನ ಶಂಕರಹೊಂಡದಿಂದ ಹೊರಟ ನೀರು ದೋಣಿಹಳ್ಳವಾಗಿ ತೆಂಕಣಕ್ಕೆ ಇಳಿದು, ಮಂಜುಗುಣಿ ಕಡೆಯಿಂದ ಬರುವ ಹೊಳೆಯ ಜೊತೆ ಕೂಡಿ ಅಘನಾಶಿನಿಯಾಗುತ್ತದೆ. ಘಟ್ಟ ಧುಮುಕಿ ಕುಮಟಾ ತಾಲ್ಲೂಕಿನ ತದಡಿಯ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ಬಡಗು ಮಗ್ಗುಲಿನ ನೀರು ಶಾಲ್ಮಲೆಗೆ, ಅಲ್ಲಿಂದ ಬೇಡ್ತಿಗೆ. ಘಟ್ಟದ ಕೆಳಗೆ ಅದೇ ಗಂಗಾವಳಿ. ಮೂಡಣಕ್ಕೆ, ಬನವಾಸಿಯ ದಿಕ್ಕಿಗೆ ಹರಿದದ್ದು ವರದೆಗೆ ಹೋಗುತ್ತದೆ. ವರದೆ ಗಳಗನಾಥದ ಹತ್ತಿರ ತುಂಗಭದ್ರೆಗೆ ಸೇರಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿ ತಲುಪುತ್ತದೆ. ಎರಡು ಸಮುದ್ರಕ್ಕೆ ನೀರು ಹಂಚುವ ಈ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಷ್ಟೇ.

ಇಲ್ಲಿಗೆ ಬರುವವರ ಮೊಬೈಲಿನಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ: ಎರಡು ದಿನ, ಐದು ಜಲಪಾತ, ಯಾಣ, ಸಹಸ್ರಲಿಂಗ, ನಡುವೆ ಮಾರಿಕಾಂಬೆಯ ದರ್ಶನ. ಹಾಗೆ ಓಡಿದರೆ ಅರ್ಧ ಹೊತ್ತು ಕಾರಿನಲ್ಲೇ ಕಳೆಯುತ್ತದೆ, ಕೊನೆಗೆ ಎಲ್ಲ ಜಲಪಾತವೂ ಒಂದೇ ಥರ ಕಾಣತೊಡಗುತ್ತದೆ. ಈ ಬೆಟ್ಟಗಳನ್ನು ನೀರಿನ ಲೆಕ್ಕದಲ್ಲಿ ನೋಡುವುದು ಮೇಲು. ನೀರು ಎಲ್ಲಿ ಇಂಗುತ್ತದೆ, ಎಲ್ಲಿ ಹೊರಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಧುಮುಕುತ್ತದೆ ಎನ್ನುವುದು ಗೊತ್ತಾದರೆ ಯಾವ ತಿಂಗಳಲ್ಲಿ ಎಲ್ಲಿಗೆ ಹೋಗಬೇಕು, ಎಲ್ಲಿ ಕಾಲಿಡಬಾರದು ಎನ್ನುವುದಕ್ಕೆ ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಮೊದಲು ಗುಡ್ಡದ ಒಳಗನ್ನು ನೋಡೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಬಹಳಷ್ಟು ಗುಡ್ಡಗಳ ತಲೆಯ ಮೇಲೆ ಜಂಬಿಟ್ಟಿಗೆಯ ಹೊದಿಕೆಯಿದೆ. ರಂಧ್ರಗಳಿರುವ ಕೆಂಪುಕಲ್ಲು, ಮಳೆನೀರನ್ನು ತಡೆಯದೆ ಕೆಳಗೆ ಬಿಡುತ್ತದೆ. ಅದರಡಿ ಮೆತ್ತನೆಯ ಜೇಡಿ ಪದರ. ನೀರು ಜಂಬಿಟ್ಟಿಗೆ ದಾಟಿ ಈ ಜೇಡಿಯ ಮೇಲೆ ಬಂದು ನಿಲ್ಲುತ್ತದೆ, ಮುಂದೆ ಇಳಿಯಲಾರದೆ ಅಡ್ಡಕ್ಕೆ ಸರಿಯುತ್ತದೆ, ಎರಡು ಗುಡ್ಡಗಳ ನಡುವಿನ ಕಣಿವೆಯ ತಲೆಯಲ್ಲಿ ಹೊರಗೆ ಬರುತ್ತದೆ. ಅದೇ ಒರತೆ. ಇಡೀ ಸೀಮೆಯ ಬೇಸಾಯ ಕೂತಿರುವುದು ಈ ಗೆರೆಯ ಕೆಳಗೆ. ಮೇಲೆ ಹುಲ್ಲಿನ ಬೇಣ, ಇಳಿಜಾರಿನಲ್ಲಿ ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟ, ಕಣಿವೆಯ ತಲೆಯಲ್ಲಿ ಕಾನು ಎನ್ನುವ ದಟ್ಟ ಹಸಿರು ಕಾಡು ಮತ್ತು ಒರತೆ, ಅದರ ಕೆಳಗೆ ಅಡಿಕೆ ತೋಟ, ತೋಟದ ಬುಡದಲ್ಲಿ ಗದ್ದೆ, ಕೊನೆಗೆ ಹಳ್ಳ. ಹೊಸಬರು ಒರತೆ ಹುಡುಕಬೇಕೆಂದರೆ ಗುಡ್ಡದ ನೆತ್ತಿಯಲ್ಲಿ ಅಲೆಯಬೇಕಾಗಿಲ್ಲ. ತೋಟದ ಮೇಲ್ತುದಿಗೆ ಹೋಗಿ, ಅಲ್ಲಿಂದ ಕಾಡು ಒಮ್ಮೆಲೇ ಕಪ್ಪಾಗುವ ಮಡಿಕೆಯನ್ನು ನೋಡಿದರೆ ಸಾಕು.

ಹಳೆಯ ಮನೆಗಳಿಗೆ ಈ ನೀರು ಅಬ್ಬಿಯಾಗಿ ಬರುತ್ತಿತ್ತು, ಕೆಲವು ಕಡೆ ಈಗಲೂ ಬರುತ್ತದೆ. ಹಳೆಯ ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ಕೆತ್ತಿ ತೆಗೆದರೆ ದಂಬೆ ಸಿದ್ಧ. ಮೇಲಿನ ದಂಬೆಯ ತುದಿ ಕೆಳಗಿನ ದಂಬೆಯ ತಲೆಯ ಮೇಲೆ ಒಂದು ಗೇಣು ಕೂತಿರಬೇಕು, ಇಲ್ಲದಿದ್ದರೆ ಗಾಳಿಗೆ ಅಲುಗಿ ನೀರು ಹೊರಚೆಲ್ಲುತ್ತದೆ. ಆಸರೆಗೆ ಕವೆಗೋಲು. ಇಳಿಜಾರು ಸಣ್ಣದಾಗಿರಬೇಕು, ಜಾಸ್ತಿಯಾದರೆ ಜೋಡಣೆಯಲ್ಲಿ ನೀರು ಹಾರುತ್ತದೆ, ಕಡಿಮೆಯಾದರೆ ಸೊಪ್ಪು ಕೂತು ಕಟ್ಟಿಕೊಳ್ಳುತ್ತದೆ. ಕೊನೆಯ ದಂಬೆಯ ಬಾಯಿಗೆ ಒಂದು ಎಲೆ ಸಿಕ್ಕಿಸುತ್ತಾರೆ. ಎಲೆಯಿಲ್ಲದಿದ್ದರೆ ನೀರು ದಂಬೆಯ ಅಡಿಗೇ ಅಂಟಿಕೊಂಡು ಹಿಂದಕ್ಕೆ ಹರಿಯುತ್ತದೆ, ಕೊಡಕ್ಕೆ ಬೀಳುವುದಿಲ್ಲ. ದಂಬೆ ಬೇಗ ಲಡ್ಡಾಗುವುದರಿಂದ ಈಗ ಹೆಚ್ಚಿನ ಕಡೆ ಕಪ್ಪು ಪೈಪು. ಅದರ ತೊಂದರೆ ಬೇರೆ: ದಾರಿಯಲ್ಲಿ ಪೈಪು ಎಲ್ಲಾದರೂ ಎದ್ದು ಇಳಿದರೆ ಆ ಉಬ್ಬಿನಲ್ಲಿ ಗಾಳಿ ಕಟ್ಟಿಕೊಂಡು ನೀರು ನಿಲ್ಲುತ್ತದೆ. ಮೇಲೆ ತುಂಬಿದ ನೀರಿದ್ದರೂ ಕೆಳಗೆ ಹನಿಯಿಲ್ಲ. ನಡೆಯುವಾಗ ಕಾಲಿಗೆ ಸಿಕ್ಕ ಪೈಪನ್ನು ಎತ್ತಿ ಅತ್ತ ಎಸೆಯುವವರು ಯಾವುದೋ ಮನೆಯ ಬೆಳಗಿನ ನೀರು ನಿಲ್ಲಿಸಿರುತ್ತಾರೆ.

ಒರತೆಯ ಶಕ್ತಿ ತಿಳಿಯಲು ದೊಡ್ಡ ಉಪಕರಣ ಬೇಡ. ಹತ್ತು ಲೀಟರಿನ ಬಕೆಟ್ ಮತ್ತು ಮೊಬೈಲಿನ ಗಡಿಯಾರ ಸಾಕು. ಬಕೆಟ್ ತುಂಬಲು 25 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 24 ಲೀಟರ್, ದಿನಕ್ಕೆ 34,560 ಲೀಟರ್. ಸೆಪ್ಟೆಂಬರಿನ ಅಳತೆಗೆ ಬೆಲೆಯಿಲ್ಲ, ಆಗ ಎಲ್ಲ ಗುಡ್ಡವೂ ಸೋರುತ್ತಿರುತ್ತದೆ. ಮಾರ್ಚ್ ಕೊನೆಗೆ ಒಮ್ಮೆ, ಮೇ ಮೊದಲ ವಾರ ಒಮ್ಮೆ ಅಳೆದರೆ ಒರತೆಯ ನಿಜ ಬಣ್ಣ ಗೊತ್ತಾಗುತ್ತದೆ. ಆ ಎರಡರ ನಡುವೆ ಹೆಚ್ಚು ಇಳಿಯದ ಒರತೆಯ ಬೆನ್ನಿಗೆ ಸಾಮಾನ್ಯವಾಗಿ ದಟ್ಟ ಕಾನು ಇರುತ್ತದೆ. ಕಾನಿನ ನೆಲದಲ್ಲಿ ಪಾದ ಹುಗಿಯುವಷ್ಟು ದರಕು (ಉದುರಿದ ಒಣ ಎಲೆ), ಅದರಡಿ ಸಡಿಲ ಮಣ್ಣು. ಮಳೆ ಓಡುವುದಿಲ್ಲ, ಇಂಗುತ್ತದೆ. ವರ್ಷವರ್ಷವೂ ದರಕು ಗುಡಿಸಿದ ಬೆಟ್ಟದ ನೆಲ ಗಟ್ಟಿಯಾಗಿರುತ್ತದೆ, ಮೊದಲ ದೊಡ್ಡ ಮಳೆಗೇ ಕೆಂಪು ನೀರು ಹಳ್ಳ ಸೇರುತ್ತದೆ.

ಆದರೆ ಬೆಟ್ಟ ಎಂದರೆ ಸುಮ್ಮನೆ ಖಾಲಿ ಕಾಡು ಎಂದು ಯಾರೂ ತಿಳಿಯಬಾರದು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಗರಿಷ್ಠ 9 ಎಕರೆವರೆಗೆ ಸೊಪ್ಪಿನಬೆಟ್ಟದ ಸೌಲಭ್ಯ ಇದೆ. ಭೂಮಿ ಅರಣ್ಯ ಇಲಾಖೆಯದು, ಸೊಪ್ಪು ದರಕಿನ ಹಕ್ಕು ರೈತನದು. ಹಾಗಾಗಿ ದಣಪೆ (ಅಡ್ಡಕೋಲುಗಳ ಬಾಗಿಲು) ಕಂಡಲ್ಲಿ ಕೋಲು ಸರಿಸಿ ಒಳಹೋದವರು ಹಿಂದೆ ಮತ್ತೆ ಕೋಲು ಹಾಕಲೇಬೇಕು, ದನ ತೋಟಕ್ಕೆ ನುಗ್ಗಿದರೆ ಆ ವರ್ಷದ ಸಸಿ ಹೋದಂತೆ. ಹತ್ತಿರದ ಮನೆಯಂಗಳದಲ್ಲಿ ನಿಂತು "ಹೆಗಡೇರೇ, ಮೇಲಿನ ಕಾನಿಗೆ ಹೋಗ್ಲಕ್ಕಾ?" ಎಂದು ಒಂದು ಮಾತು ಕೇಳಿದರೆ ದಾರಿಯೂ ಸಿಗುತ್ತದೆ, ಆಸರಿಗೆ ಮಜ್ಜಿಗೆಯೂ ಸಿಗುತ್ತದೆ. ಗೌಡರ ಮನೆಯಾದರೂ ನಾಯ್ಕರ ಮನೆಯಾದರೂ ಇದು ಇಷ್ಟೇ. ಒರತೆಯ ಗುಂಡಿಯಲ್ಲಿ ಕಾಲು ತೊಳೆಯುವುದು, ಸೋಪು ಹಚ್ಚುವುದು ಮಾತ್ರ ಯಾರ ಮನೆಯವರಿಗೂ ಸಹಿಸುವುದಿಲ್ಲ.

ಕುಡಿಯುವ ನೀರಿನ ವಿಷಯದಲ್ಲಿ ಒಂದೇ ನಿಯಮ: ತೋಟದ ಮೇಲಿನ ನೀರು ಕುಡಿಯಬಹುದು, ಕೆಳಗಿನದು ಬೇಡ. ಅಡಿಕೆಯ ಕೊಳೆ ರೋಗ ತಡೆಯಲು ಮಳೆಗಾಲದ ಆರಂಭದಲ್ಲಿ ಒಮ್ಮೆ, ಮತ್ತೆ 40–45 ದಿನಕ್ಕೆ ಒಮ್ಮೆ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಬಂದರೆ ಅದರಲ್ಲೊಂದು ಪಾಲು ತೋಟದ ಕಾಲುವೆಗೆ, ಕಾಲುವೆಯಿಂದ ಹಳ್ಳಕ್ಕೆ. ಹಳ್ಳದ ನೀರು ಕನ್ನಡಿಯಂತೆ ಕಂಡರೂ ಅದು ಬೇಡ. ತೋಟದ ಮೇಲಿನ ನೀರನ್ನೂ ಕುದಿಸಿ ಕುಡಿಯುವುದು ಹೊರಗಿನವರ ಹೊಟ್ಟೆಗೆ ಒಳ್ಳೆಯದು.

ಇನ್ನು ಅದೇ ನೀರು ಧುಮುಕುವ ಜಾಗ. ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಬೀಳುತ್ತದೆ. ಕಲೆಕ್ಟರ್ ಲಶಿಂಗ್ಟನ್ 1845ರಲ್ಲಿ ನೋಡಿದ್ದರಿಂದ ಅವನ ಹೆಸರು ಅಂಟಿಕೊಂಡಿತು, ಊರವರದು ಕೆಪ್ಪಜೋಗ. ಎದುರು ನಿಂತು ಮಾತಾಡಿ ನೋಡಿದರೆ ಯಾರ ಹೆಸರು ಸರಿ ಎಂದು ತಿಳಿಯುತ್ತದೆ. ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಅಮ್ಮಿನಳ್ಳಿಗೆ ಹೋಗಿ ಎಡಕ್ಕೆ ತಿರುಗಿ ಹೆಗ್ಗರಣಿ ದಾಟಿದರೆ ಉಂಚಳ್ಳಿ, ಒಟ್ಟು 35 ಕಿಲೋಮೀಟರಿನ ಆಸುಪಾಸು. ಜುಲೈ, ಆಗಸ್ಟಿನಲ್ಲಿ ಹೋದವರಲ್ಲಿ ಹೆಚ್ಚಿನವರು ಬಿಳಿ ಮಂಜು ನೋಡಿ ವಾಪಸಾಗುತ್ತಾರೆ; ತುಂತುರು, ಕಣಿವೆಯ ಮೋಡ ಎರಡೂ ಸೇರಿ ಜಲಪಾತವನ್ನೇ ಮುಚ್ಚುತ್ತವೆ. ಕಾಯುವ ತಾಳ್ಮೆಯಿದ್ದರೆ ಗಾಳಿ ಒಮ್ಮೆ ಬೀಸಿ ಎರಡು ನಿಮಿಷ ತೆರೆ ಸರಿಯುತ್ತದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ನೀರೂ ಇರುತ್ತದೆ, ನೋಟವೂ ಇರುತ್ತದೆ. ಮಾರ್ಚಿನಲ್ಲಿ ಹೋದರೆ ಬಂಡೆಯ ಮೇಲೆ ಜಿನುಗು ಮಾತ್ರ. ಆಗ ಬೈಯುವುದರಲ್ಲಿ ಅರ್ಥವಿಲ್ಲ. ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ, ಹಿಡಿದಿಟ್ಟು ಬಿಡುವ ನೀರೂ ಇಲ್ಲ. ಬೇಸಿಗೆಯಲ್ಲಿ ಕಾಣುವುದು ಮೇಲಿನ ಕಾನುಗಳು ಬಿಟ್ಟುಕೊಟ್ಟಷ್ಟೇ. ಹೊಳೆದಂಡೆಯ ಅಪ್ಪೆಮಿಡಿ (ಉಪ್ಪಿನಕಾಯಿಯ ಮಾವು) ಮರಗಳು ಮಿಡಿ ಬಿಡುವುದು ಅದೇ ಹೊತ್ತಿಗೆ. ಆ ಮರಗಳಿಗೆ ಒಡೆಯರೋ ಗುತ್ತಿಗೆ ಹಿಡಿದವರೋ ಇರುತ್ತಾರೆ, ಕೈಗೆ ಸಿಕ್ಕಿತೆಂದು ಕೊಯ್ಯುವಂತಿಲ್ಲ.

ಉಂಚಳ್ಳಿಯ ಸುತ್ತಿನ ಕಾಡು 2011ರಲ್ಲಿ ಘೋಷಣೆಯಾದ, ಸುಮಾರು 300 ಚದರ ಕಿಲೋಮೀಟರಿನ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲಿಗೆ ಸೇರಿತ್ತು, 2019ರಲ್ಲಿ ಆ ಮೀಸಲನ್ನು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಸಲಾಯಿತು. ಸಿಂಗಳೀಕ ನೆಲಕ್ಕೆ ಇಳಿಯುವುದು ಕಡಿಮೆ. ಮೇಲಿನ ಕೊಂಬೆಗಳಲ್ಲಿ ಗಾಳಿಯಿಲ್ಲದೆ ಎಲೆ ಅಲುಗಿದರೆ ನಿಂತು ನೋಡಬೇಕು, ತಿಂಡಿ ತೋರಿಸಿ ಕರೆಯಬಾರದು. ತಿಂಡಿಯ ರುಚಿ ಹತ್ತಿದ ಗುಂಪು ರಸ್ತೆಗೆ ಇಳಿಯುತ್ತದೆ, ರಸ್ತೆಗೆ ಇಳಿದದ್ದು ವಾಹನಕ್ಕೆ ಸಿಗುತ್ತದೆ.

ಬೆಣ್ಣೆಹೊಳೆ, ಶಿವಗಂಗೆ, ಮಾಗೋಡು, ಸಾತೊಡ್ಡಿ, ಬುರುಡೆ: ಈ ಎಲ್ಲ ಜಲಪಾತಗಳಿಗೂ ಹೆಚ್ಚುಕಡಿಮೆ ಇದೇ ಪಂಚಾಂಗ. ಮಾಗೋಡಿಗೆ ಹೋದವರು ಹತ್ತಿರದ ಜೇನುಕಲ್ಲು ಗುಡ್ಡವನ್ನು ಸಂಜೆಗೆ ಇಟ್ಟುಕೊಳ್ಳಲಿ. ಕೆಳಗೆ ಬೇಡ್ತಿ ಕಣಿವೆ ತೆರೆದುಕೊಳ್ಳುತ್ತದೆ. ನೋಟದ ಜಾಗಗಳಿಗೆ ಒಳ್ಳೆಯ ಕಾಲ ಅಕ್ಟೋಬರಿನಿಂದ ಜನವರಿ. ಫೆಬ್ರವರಿ ಕಳೆದ ಮೇಲೆ ಬೇಣಕ್ಕೆ ಬೆಂಕಿ ಬಿದ್ದ ಹೊಗೆ, ಸಮುದ್ರದ ಕಡೆಯ ತೇವ ಎರಡೂ ಸೇರಿ ಎದುರು ಗುಡ್ಡ ಮಾಸುತ್ತದೆ. ಚಳಿಗಾಲದ ಬೆಳಿಗ್ಗೆ ಕಣಿವೆ ತುಂಬ ಮಂಜು ಕೂತಿದ್ದು ಬಿಸಿಲೇರಿದ ಮೇಲೆ ಒಡೆಯುತ್ತದೆ, ಒಂಬತ್ತರ ಮೊದಲು ಅವಸರ ಬೇಡ. ಸೂರ್ಯ ಮುಳುಗುವುದನ್ನು ನೋಡಿ ಇಳಿಯುವಾಗ ಕಾಡೊಳಗೆ ಕತ್ತಲು ಬಯಲಿಗಿಂತ ಬೇಗ ಕವಿಯುವುದರಿಂದ ಕೈಯಲ್ಲಿ ಬ್ಯಾಟರಿ ಬೇಕು. ಮೊಬೈಲ್ ನಕ್ಷೆಯನ್ನು ಶಿರಸಿಯಲ್ಲೇ ಇಳಿಸಿಕೊಂಡಿರಬೇಕು. ಕಣಿವೆಯಲ್ಲಿ ಸಿಗ್ನಲ್ ಇರುವುದಿಲ್ಲ. ಹೆಸರು ಕೊಡುವಾಗಲೂ ಜಾಗ್ರತೆ. ವೆಂಕಟರಮಣನ ಮಂಜುಗುಣಿ ಶಿರಸಿ ತಾಲ್ಲೂಕಿನದು, ಗಂಗಾವಳಿ ಅಳಿವೆಯ ಮಂಜಗುಣಿ ಅಂಕೋಲೆಯದು. ನಕ್ಷೆ ನಿಮ್ಮನ್ನು ಘಟ್ಟ ಇಳಿಸಿ ಕಡಲಿಗೆ ಒಯ್ದೀತು.

ನೀರು ಧುಮುಕದೆ ನಿಂತೇ ಬಿಡುವ ಕಡೆ ಬೇರೆಯದೇ ಕಾಡು ಹುಟ್ಟುತ್ತದೆ. ಸಿದ್ದಾಪುರ ತಾಲ್ಲೂಕಿನಲ್ಲಿ, ಜೋಗ–ಹೊನ್ನಾವರ ರಸ್ತೆಯ ಪಕ್ಕದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳು (ಕಾಡು ಜಾಯಿಕಾಯಿ ಬಳಗದ ಮರಗಳ ಜೌಗು) ಅಂಥವು. ಇದು ಶರಾವತಿಗೆ ನೀರು ಹರಿಸುವ ನೆಲ. ಎರಡು ದಿಣ್ಣೆಗಳ ನಡುವೆ ಸಪಾಟಾದ ಅಗಲವಿಲ್ಲದ ಪಟ್ಟಿ, ವರ್ಷವಿಡೀ ಕೆಸರು, ಮಧ್ಯೆ ಸಣ್ಣ ಹರಿವು. ಕೆಸರಿನೊಳಗೆ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೆ ಇಲ್ಲಿನ ಮರಗಳು ಎರಡು ಉಪಾಯ ಮಾಡಿಕೊಂಡಿವೆ. ಕಾಡು ಜಾಯಿಕಾಯಿಯ ಒಂದು ಜಾತಿ ಕಾಂಡದಿಂದಲೇ ಊರುಬೇರುಗಳನ್ನು ಇಳಿಸಿ ಕೆಸರಿಗಿಂತ ಮೇಲೆ ನಿಲ್ಲುತ್ತದೆ. ಪಿಂಡಿ ಮರದ ಬೇರುಗಳು ಕೆಸರಿನಿಂದ ಮೇಲೆದ್ದು, ಮಡಚಿದ ಮೊಣಕಾಲಿನ ಹಾಗೆ ಬಾಗಿ ಮತ್ತೆ ಒಳಗೆ ಹೋಗುತ್ತವೆ. ಆ ಬಾಗಿದ ಭಾಗವೇ ಉಸಿರಾಡುವ ಜಾಗ. ನಡೆಯುವಾಗ ಕೆಸರು ತಪ್ಪಿಸಲು ಜನ ಕಾಲಿಡುವುದು ಸರಿಯಾಗಿ ಅದರ ಮೇಲೆಯೇ. ತೊಗಟೆ ಕಿತ್ತುಹೋದರೆ ಅಲ್ಲಿ ಕೊಳೆಯುತ್ತದೆ. ಜಡ್ಡಿಯನ್ನು ಅಂಚಿನಲ್ಲಿ ನಿಂತು ನೋಡುವುದೇ ಸರಿ. ಒಳಗೆ ಹೋಗಲೇಬೇಕಿದ್ದರೆ ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು, ಗೊತ್ತಿದ್ದವರ ಜೊತೆ, ಹಳ್ಳದ ಮರಳಿನ ಮೇಲೆ.

ಈ ಜಡ್ಡಿಗಳು ಎಷ್ಟು ಅಪರೂಪವೆಂದರೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ವಿಜ್ಞಾನ ಹೊಸ ಪ್ರಭೇದವೆಂದು ದಾಖಲಿಸಿದ್ದು 2000ದಲ್ಲಿ. ಹೆಸರೂ ಈ ಕಾಡಿನದೇ. ರಾಮಪತ್ರೆಯ ಬಳಗದ ಬೀಜ ಒಣಗಿದರೆ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಮಂಗಟ್ಟೆಯಂಥ ಹಕ್ಕಿ ಪತ್ರೆ ತಿಂದು ಬೀಜವನ್ನು ಬೀಳಿಸಿದ ಜಾಗ ಒದ್ದೆಯಾಗಿಯೇ ಇರಬೇಕು. ಮೇಲಿನ ಒರತೆಯನ್ನು ಯಾರಾದರೂ ಅಡ್ಡ ಕಡಿದು ತೋಟಕ್ಕೆ ತಿರುಗಿಸಿದರೆ ಮರಗಳು ನಾಳೆಯೇ ಸಾಯುವುದಿಲ್ಲ, ಸಸಿಗಳು ಏಳುವುದು ನಿಲ್ಲುತ್ತದೆ. ಹಾಗಾಗಿ ಜಡ್ಡಿಯ ಆರೋಗ್ಯ ನೋಡುವವರು ತಲೆಯೆತ್ತಿ ಮರ ನೋಡುವುದಕ್ಕಿಂತ ಮೊದಲು ಬುಡದಲ್ಲಿ ಸಸಿ ಎಣಿಸುತ್ತಾರೆ. ಮರ ಉಳಿಸುವ ಮಾತು ಈ ಸೀಮೆಗೆ ಹೊಸದೇನೂ ಅಲ್ಲ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡಲ್ಲಿಂದ ಅಪ್ಪಿಕೋ ಚಳವಳಿ ಹೊರಟಿತು.

ಶಾಲ್ಮಲೆಯ ಸಹಸ್ರಲಿಂಗಕ್ಕೆ ಉಲ್ಟಾ ಪಂಚಾಂಗ. ಸೋದೆಯ ಅರಸ ಸದಾಶಿವರಾಯನ ಕಾಲದ್ದೆಂದು (1678–1718) ಹೇಳುವ ಲಿಂಗಗಳು, ನಂದಿಗಳು ಹೊಳೆಯ ಬಂಡೆಗಳ ಮೇಲೇ ಕೆತ್ತಿದಂಥವು. ಮಳೆಗಾಲದಲ್ಲಿ ಮುಳುಗುತ್ತವೆ, ಡಿಸೆಂಬರಿನಿಂದ ಮಾರ್ಚ್‌ವರೆಗೆ ಚೆನ್ನಾಗಿ ಕಾಣುತ್ತವೆ. ಶಿವರಾತ್ರಿಗೆ ಕಾಲಿಡಲು ಜಾಗವಿರುವುದಿಲ್ಲ. ಬಂಡೆಯ ಒಣಗಿದ ಭಾಗಕ್ಕಿಂತ ಒದ್ದೆ-ಒಣ ಸೇರುವ ಗೆರೆಯಲ್ಲಿ ಜಾರುವವರು ಹೆಚ್ಚು. ಅಲ್ಲಿ ಹಾವಸೆ ತೆಳ್ಳಗಿದ್ದು ಕಣ್ಣಿಗೆ ಬೀಳುವುದಿಲ್ಲ. ನೆತ್ತಿಯ ಮೇಲೆ ಬಿಸಿಲಿದ್ದರೂ ಮೇಲೆಲ್ಲೋ ಮಳೆ ಹೊಡೆದರೆ ಹೊಳೆ ಏರುತ್ತದೆ. ನೀರಿಗೆ ಮಣ್ಣಿನ ಬಣ್ಣ ಬಂದರೆ, ಕಸಕಡ್ಡಿ ತೇಲತೊಡಗಿದರೆ, ಸದ್ದಿನ ದನಿ ಬದಲಾದರೆ ಚೀಲ ಎತ್ತಿಕೊಳ್ಳಲೂ ನಿಲ್ಲದೆ ದಡ ಸೇರಬೇಕು. ಮೊಣಕಾಲು ದಾಟಿದ ಹರಿವನ್ನು ಎಲ್ಲಿಯೂ ಕಾಲಲ್ಲಿ ದಾಟಬಾರದು. ಒಂದು ಮಳೆಗಾಲ ಕಂಡ ಸಂಕದ (ಮರದ ಕಾಲುಸೇತುವೆಯ) ಮೇಲೆ ಇಬ್ಬರು ಒಟ್ಟಿಗೆ ಹೋಗಬಾರದು. ಸೋದೆಯವರೆಗೆ ಬಂದವರು ಮುಂಡಿಗೆ ಕೆರೆಯನ್ನು ಬಿಡಬಾರದು, ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ.

ಉಂಬಳದ (ಕಾಡಿನ ಜಿಗಣೆಯ) ಬಗ್ಗೆ ಅಂಜುವವರು ಬಹಳ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅವು ಇದ್ದದ್ದೇ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಮೇಲೆ ತಂಬಾಕು ನೆನೆಸಿದ ನೀರನ್ನೋ ಸುಣ್ಣವನ್ನೋ ಹಚ್ಚಿದರೆ ಸಾಕು. ಕೋಲಿನ ತುದಿಗೆ ಉಪ್ಪಿನ ಪೊಟ್ಟಣ ಕಟ್ಟಿಕೊಂಡರೆ ಇನ್ನೂ ಸುಲಭ. ಕಚ್ಚಿದ್ದನ್ನು ಹಿಡಿದು ಎಳೆಯದೆ ಉಗುರಿನಿಂದ ಬಾಯಿಯ ಕಡೆ ಸವರಿ ಬಿಡಿಸಬೇಕು. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಅದು ಹೆಪ್ಪುಗಟ್ಟದಂತೆ ಉಂಬಳವೇ ಮಾಡಿರುತ್ತದೆ. ನಿಜಕ್ಕೂ ಅಂಜಬೇಕಾದದ್ದು ಒಣಗಾಲದ ಉಣ್ಣೆಗೆ, ಅಂದರೆ ಮಂಗನ ಕಾಯಿಲೆ ಹರಡುವ ಉಣುಗಿಗೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಸಿದ್ದಾಪುರ ಕಡೆಯ ಕಾಡುಗಳಲ್ಲೂ ಇದೆ. ಡಿಸೆಂಬರಿನಿಂದ ಮೇ ಅದರ ಕಾಲ. ದರಕಿನ ಮೇಲೆ ಕೂರಬಾರದು. ಉಣ್ಣೆ ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದವರೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೋ ಆರೋಗ್ಯ ಇಲಾಖೆಗೋ ತಿಳಿಸಬೇಕು. ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು ಕಾಡಿಗೆ ಹೋಗಿದ್ದೆ ಎಂಬುದು.

ಒರತೆ ಕೊಡುವ ಅದೇ ಜೇಡಿಯ ಪದರ ಗುಡ್ಡವನ್ನು ಜಾರಿಸಲೂ ಬಲ್ಲದು. ವಾರಗಟ್ಟಲೆ ಮಳೆ ಸುರಿದು ಜಂಬಿಟ್ಟಿಗೆಯ ಅಡಿಯಲ್ಲಿ ನೀರು ಹೊರಹೋಗುವುದಕ್ಕಿಂತ ಬೇಗ ತುಂಬಿದರೆ ಜೇಡಿ ಮೆತ್ತಗಾಗಿ ಮೇಲಿನ ಭಾರ ಹೊರಲಾರದು. ಬುಡವನ್ನು ರಸ್ತೆಗೋ ಮನೆಗೋ ಕಡಿದಿದ್ದರೆ ಹಿಡಿತ ಇನ್ನೂ ಕಡಿಮೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ತೋಟ ಮನೆಗಳ ಮೇಲೆ ಇಳಿದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯನ್ನು ಮುಚ್ಚಿ ಗಂಗಾವಳಿಗೆ ಬಿತ್ತು. ಮುನ್ಸೂಚನೆಗಳು ನೀರಿನ ಭಾಷೆಯಲ್ಲೇ ಇರುತ್ತವೆ: ಇಲ್ಲದ ಕಡೆ ಹೊಸ ಒರತೆ, ತಿಳಿಯಾಗಿದ್ದ ಅಬ್ಬಿಯಲ್ಲಿ ಕೆಸರು, ಹರಿಯುತ್ತಿದ್ದ ಹಳ್ಳ ಮಳೆಯಲ್ಲೇ ಒಮ್ಮೆಲೇ ಸಣ್ಣಗಾಗುವುದು, ಗುಡ್ಡದ ನೆತ್ತಿಯಲ್ಲಿ ಅಂಚಿಗೆ ಸಮನಾಗಿ ಬಿರುಕು, ಮರಗಳು ವಾಲುವುದು. ಇಂಗುಗುಂಡಿ ಒಳ್ಳೆಯದೆಂದು ಕಡಿದಾದ ಇಳಿಜಾರಿನಲ್ಲೂ ತೋಡುವುದು ಇದೇ ಕಾರಣಕ್ಕೆ ಸರಿಯಲ್ಲ. ಇಂಗಿಸಲು ಮೇಲಿನ ಸಪಾಟು ನೆಲ ಇದೆ.

ಪ್ರವಾಸಿಗರಿಗೆ ಇದರ ಅರ್ಥ ಇಷ್ಟು: ಜೂನ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಘಟ್ಟದ ರಸ್ತೆಯಲ್ಲಿ ರಾತ್ರಿ ಪ್ರಯಾಣ ಬೇಡ, ಕಡಿದ ಗೋಡೆಯ ಬುಡದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುವುದೂ ಬೇಡ. ಜಲಪಾತಗಳಿಗೆ ಜಿಲ್ಲಾಡಳಿತ ನಿರ್ಬಂಧ ಹಾಕುವುದುಂಟು, ಹೊರಡುವ ಮುನ್ನ ಕೇಳಿಕೊಳ್ಳಬೇಕು. ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟ ಅಗಲೀಕರಣದ ಕೆಲಸದಿಂದಲೋ ಕುಸಿತದಿಂದಲೋ ಮುಚ್ಚಿದರೆ ಭಾರಿ ವಾಹನಕ್ಕೆ ಯಲ್ಲಾಪುರದ ಮೇಲೆ ಅರಬೈಲು ಘಟ್ಟವೇ ದಾರಿ. ಸಿದ್ದಾಪುರದಿಂದ ದೊಡ್ಮನೆ ಘಟ್ಟ ಇಳಿದೂ ಕುಮಟೆ ಸೇರಬಹುದು, ಆದರೆ ಆ ರಸ್ತೆ ಇಕ್ಕಟ್ಟು, ಎದುರು ಬಸ್ಸು ಬಂದರೆ ಹಿಂದೆ ಸರಿಸಲು ಬರುವ ಡ್ರೈವರ್ ಬೇಕು. ಪೆಟ್ರೋಲು ಶಿರಸಿಯಲ್ಲೇ ತುಂಬಿಸಿಕೊಳ್ಳಿ.